ಡಬ್ಬಿಯಲ್ಲಿ ಮೊದಲು ಎಷ್ಟಿತ್ತು? ಏಡಾ ಲವ್‌ಲೇಸ್ ಇಟ್ಟ ಲೆಕ್ಕ

ಮಕ್ಕಳೇ, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಪಕ್ಕ ಕುಳಿತು ದಾರಿಯ ಊರುಗಳನ್ನು ಎಣಿಸಿ ನೋಡಿ. ಉಣಕಲ್ ಬಂತು, ಒಂದು. ನವನಗರ ಬಂತು, ಎರಡು. ಸತ್ತೂರು ಬಂತು, ಮೂರು. ಪ್ರತಿ ಸಲವೂ ಹಿಂದಿನ ಎಣಿಕೆಗೆ ಒಂದು ಸೇರಿಸುತ್ತೀರಿ. ಹೊರಡುವಾಗ ಎಣಿಕೆ ಸೊನ್ನೆ ಇತ್ತೆಂದು ನಿಮಗೆ ಯಾರೂ ಹೇಳಬೇಕಾಗಿಲ್ಲ. ಗಣಕಯಂತ್ರಕ್ಕೆ ಅದನ್ನೂ ಹೇಳಬೇಕು.

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆದೇಶಗಳಿಗೆ ಲೂಪ್, ಅಂದರೆ ಸುತ್ತು ಎನ್ನುತ್ತಾರೆ. ಎಷ್ಟು ಸುತ್ತು ಆಯಿತೆಂಬ ಲೆಕ್ಕ ಒಂದು ಹೆಸರಿನಲ್ಲಿ ಇರುತ್ತದೆ. ಅದನ್ನು ಹೆಸರು ಬರೆದ ಡಬ್ಬಿ ಎಂದುಕೊಳ್ಳಿ. ಡಬ್ಬಿಯಲ್ಲಿ ಮೊದಲು ಏನನ್ನೂ ಇಡದೆ ಅದಕ್ಕೆ ಒಂದು ಕೂಡಿಸು ಎಂದರೆ ಪೈಥಾನ್‌ನಂಥ ಭಾಷೆಯಲ್ಲಿ ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತದೆ. ಈ ಹೆಸರು ಏನೆಂದು ತಿಳಿಸಿಲ್ಲ ಎಂಬ ಸಂದೇಶ ಪರದೆಯ ಮೇಲೆ ಬರುತ್ತದೆ. ಆಗ ಹಿಂದಿನ ಸಾಲುಗಳಿಗೆ ಹೋಗಿ, ಮೊದಲ ಸಂಖ್ಯೆಯನ್ನು ಎಲ್ಲಿ ಇಡಬೇಕಿತ್ತು ಎಂದು ಹುಡುಕಬೇಕು.

ಇಂಥ ಡಬ್ಬಿಗಳ ಲೆಕ್ಕವನ್ನು ಗಣಕಯಂತ್ರವೇ ಇಲ್ಲದ ಕಾಲದಲ್ಲಿ ಪೆನ್ಸಿಲ್ ಹಿಡಿದು ಬರೆದಿಟ್ಟವಳು ಏಡಾ ಲವ್‌ಲೇಸ್.

ಏಡಾ 1815ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಹುಟ್ಟಿದಳು. ತಂದೆ ಪ್ರಸಿದ್ಧ ಕವಿ ಲಾರ್ಡ್ ಬೈರನ್. ಮಗು ತಿಂಗಳ ಕೂಸಾಗಿದ್ದಾಗಲೇ ತಂದೆತಾಯಿ ಬೇರೆಯಾದರು. ಬೈರನ್ ದೇಶ ಬಿಟ್ಟುಹೋದ. 1824ರಲ್ಲಿ ಗ್ರೀಸಿನಲ್ಲಿ ತೀರಿಕೊಂಡ. ಮಗಳು ಅವನನ್ನು ಮತ್ತೆ ಕಾಣಲೇ ಇಲ್ಲ. ತಾಯಿಗೆ ಗಣಿತವೆಂದರೆ ಪ್ರೀತಿ. ಮಗಳಿಗೂ ಅದನ್ನೇ ಕಲಿಸಿದಳು. ಹನ್ನೆರಡರ ವಯಸ್ಸಿನಲ್ಲಿ ಏಡಾಳಿಗೆ ಹಾರುವ ಹುಚ್ಚು ಹಿಡಿಯಿತು. ಹಕ್ಕಿಗಳ ರೆಕ್ಕೆಗಳನ್ನು ಗಮನಿಸಿ, ತನಗೂ ರೆಕ್ಕೆ ಮಾಡಿಕೊಳ್ಳುವುದು ಹೇಗೆಂದು ಯೋಚಿಸಿದಳು. ಆದರೆ 1829ರಲ್ಲಿ ದಡಾರ ಬಂದು ಕಾಲುಗಳ ಶಕ್ತಿಯೇ ಹೋಯಿತು. ಬಹುಕಾಲ ಹಾಸಿಗೆ ಹಿಡಿದು, ಆಮೇಲೆ ಊರುಗೋಲಿನ ಮೇಲೆ ನಡೆದಳು.

1833ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಚಾರ್ಲ್ಸ್ ಬ್ಯಾಬೇಜ್‌ನ ಪರಿಚಯವಾಯಿತು. ಹಲ್ಲುಚಕ್ರಗಳಿಂದ ಲೆಕ್ಕ ಮಾಡುವ ಯಂತ್ರದ ಒಂದು ಭಾಗವನ್ನು ಆತ ಕಟ್ಟಿದ್ದ. ಮುಂದೆ ಇನ್ನೂ ದೊಡ್ಡದೊಂದು ಯಂತ್ರದ ನಕ್ಷೆ ಹಾಕಿದ. ಅದಕ್ಕೆ ಆದೇಶ ಕೊಡುವುದು ತೂತು ಕೊರೆದ ರಟ್ಟುಗಳ ಮೂಲಕ. ಈ ಉಪಾಯ ಬಂದದ್ದು ಜಕಾರ್ಡ್ ಮಗ್ಗದಿಂದ. ಕರ್ನಾಟಕದ ರೇಷ್ಮೆ ನೇಕಾರರೂ ಜಕಾರ್ಡ್ ಮಗ್ಗ ಬಳಸುತ್ತಾರೆ. ಯಾವ ಎಳೆ ಮೇಲೇಳಬೇಕೆಂದು ರಟ್ಟಿನ ತೂತುಗಳು ಹೇಳುತ್ತವೆ, ಸೀರೆಯಲ್ಲಿ ಹೂವು ಮೂಡುತ್ತದೆ.

ಆಗ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಮದುವೆಯಾಗಿ ಮೂರು ಮಕ್ಕಳ ತಾಯಿಯಾದ ಮೇಲೆ ಏಡಾ ಪತ್ರಗಳ ಮೂಲಕ ಉನ್ನತ ಗಣಿತ ಕಲಿತಳು. ಕಲಿಸಿದವನು ಆಗಸ್ಟಸ್ ಡಿ ಮಾರ್ಗನ್. ಈತ ಹುಟ್ಟಿದ್ದು ನಮ್ಮ ಪಕ್ಕದ ತಮಿಳುನಾಡಿನ ಮದುರೆಯಲ್ಲಿ!

ಬ್ಯಾಬೇಜ್‌ನ ಯಂತ್ರದ ಬಗ್ಗೆ ಇಟಲಿಯ ಮೆನಾಬ್ರಿಯಾ ಫ್ರೆಂಚ್ ಭಾಷೆಯಲ್ಲಿ ಒಂದು ಲೇಖನ ಬರೆದಿದ್ದ. ಏಡಾ ಅದನ್ನು ಇಂಗ್ಲಿಷಿಗೆ ತಂದಳು. ಜೊತೆಗೆ ತನ್ನ ಟಿಪ್ಪಣಿಗಳನ್ನೂ ಸೇರಿಸಿದಳು. ಅವು ಮೂಲಕ್ಕಿಂತ ಸುಮಾರು ಮೂರು ಪಟ್ಟು ಉದ್ದವಾದವು. 1843ರಲ್ಲಿ ಅಚ್ಚಾದಾಗ ಆಕೆಯ ಪೂರ್ಣ ಹೆಸರಿರಲಿಲ್ಲ, ಮೂರು ಅಕ್ಷರಗಳಷ್ಟೇ ಇದ್ದವು.

ಕೊನೆಯ ಟಿಪ್ಪಣಿಯಲ್ಲಿ ಒಂದು ದೊಡ್ಡ ಕೋಷ್ಟಕವಿದೆ. ಬರ್ನೂಲಿ ಸಂಖ್ಯೆಗಳೆಂಬ ಕಠಿಣ ಸಂಖ್ಯೆಗಳನ್ನು ಯಂತ್ರದಿಂದ ಪಡೆಯಲು 25 ಸಾಲುಗಳ ಆದೇಶ. ಬ್ಯಾಬೇಜ್‌ನ ಯಂತ್ರದಲ್ಲಿ ಡಬ್ಬಿಗಳ ಬದಲು ಚಕ್ರಗಳ ಕಂಬಗಳು. ಮೊದಲಿಗೆ ಎಲ್ಲವೂ ಸೊನ್ನೆಯಲ್ಲಿ ನಿಂತಿರುತ್ತವೆ. ಇಲ್ಲೇ ತೊಡಕು: ಮೊದಲ ಸಂಖ್ಯೆ ಇಡುವುದನ್ನು ಮರೆತರೆ ಆ ಯಂತ್ರ ನಿಂತು ದೂರು ಹೇಳುವುದಿಲ್ಲ, ಸೊನ್ನೆಯನ್ನೇ ಹಿಡಿದು ತಪ್ಪು ಉತ್ತರ ಕೊಡುತ್ತದೆ. ಆದ್ದರಿಂದ ಕೋಷ್ಟಕದಲ್ಲಿ ಪ್ರತಿ ಕಂಬದ ಹೆಸರಿನ ಎಡ ಮೇಲ್ಗಡೆ ಒಂದು ಪುಟ್ಟ ಅಂಕಿಯಿದೆ. ಆ ಕಂಬದ ಬೆಲೆ ಎಷ್ಟು ಸಲ ಬದಲಾಗಿದೆ ಎಂದು ಅದು ತಿಳಿಸುತ್ತದೆ. ಅಲ್ಲಿ 0 ಇದ್ದರೆ ಕಂಬ ಇನ್ನೂ ಖಾಲಿ ಎಂದರ್ಥ.

ಸುತ್ತೂ ಅಲ್ಲಿದೆ. 13ರಿಂದ 23ರವರೆಗಿನ ಸಾಲುಗಳನ್ನು ಮತ್ತೆ ಮಾಡಬೇಕು. ಎಷ್ಟು ಸುತ್ತು ಉಳಿಯಿತೆಂಬ ಎಣಿಕೆ ಹತ್ತನೆಯ ಕಂಬದ್ದು. ಸುತ್ತು ಶುರುವಾಗುವ ಮುಂಚೆಯೇ, ಏಳನೆಯ ಸಾಲಿನಲ್ಲಿ, ಅದಕ್ಕೆ 3 ಎಂಬ ಬೆಲೆ ಬರುತ್ತದೆ. ಆಮೇಲೆ ಒಂದೊಂದೇ ಕಡಿಮೆ. ಇಡೀ ಲೆಕ್ಕ ಮುಗಿದಾಗ ಆರನೆಯ ಮತ್ತು ಏಳನೆಯ ಕಂಬಗಳನ್ನು ಮತ್ತೆ ಸೊನ್ನೆಗೆ ತರಬೇಕೆಂದೂ ಬರೆದಿದೆ. ಹಳೆಯ ಬೆಲೆ ಉಳಿದುಬಿಟ್ಟರೆ ಮುಂದಿನ ಲೆಕ್ಕ ಕೆಡುವುದಲ್ಲವೇ?

ಈ ಕೋಷ್ಟಕ ಆಕೆಯನ್ನು ಬಹಳ ಕಾಡಿತು. ಲೆಕ್ಕ ಗೋಜಲಾಗಿದೆಯೆಂದು ಬ್ಯಾಬೇಜ್‌ಗೆ ಪತ್ರ ಬರೆದಳು. ಪೆನ್ಸಿಲ್ಲಿನಲ್ಲಿ ಬರೆದದ್ದರ ಮೇಲೆ ಗಂಡ ಕುಳಿತು ಶಾಯಿ ತಿದ್ದಿಕೊಟ್ಟ. ಏಡಾಳ ಶ್ರಮ ಉಳಿಸಲೆಂದು ಬ್ಯಾಬೇಜ್ ಈ ಸಂಖ್ಯೆಗಳ ಬೀಜಗಣಿತವನ್ನು ತಾನೇ ಮಾಡಿ ಕಳಿಸಿದ. ಅದರಲ್ಲಿ ಆತ ಮಾಡಿದ್ದ ದೊಡ್ಡ ತಪ್ಪೊಂದನ್ನು ಹಿಡಿದು, ತಿದ್ದಿಕೊಡೆಂದು ಆಕೆ ವಾಪಸು ಕಳಿಸಿದಳು. ಇದನ್ನು ಬ್ಯಾಬೇಜ್ 1864ರ ತನ್ನ ಆತ್ಮಕಥೆಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ.

ಇಷ್ಟಾದರೂ ಅಚ್ಚಾದ ಕೋಷ್ಟಕದ ನಾಲ್ಕನೆಯ ಸಾಲಿನಲ್ಲಿ ಒಂದು ತಪ್ಪು ಉಳಿದಿದೆ. ನಾಲ್ಕನೆಯ ಕಂಬವನ್ನು ಐದನೆಯದರಿಂದ ಭಾಗಿಸಬೇಕಾದಲ್ಲಿ ಐದನೆಯದನ್ನು ನಾಲ್ಕನೆಯದರಿಂದ ಭಾಗಿಸು ಎಂದಿದೆ. 7 ಭಾಗಿಸು 9 ಆಗಬೇಕಾದದ್ದು 9 ಭಾಗಿಸು 7 ಆಗಿದೆ. ಎರಡನ್ನೂ ನೀವೇ ಮಾಡಿ ನೋಡಿ. ಒಂದು ಉತ್ತರ ಒಂದಕ್ಕಿಂತ ಚಿಕ್ಕದು, ಇನ್ನೊಂದು ದೊಡ್ಡದು. ಯಂತ್ರ ಎದುರಿಗಿದ್ದಿದ್ದರೆ ಒಮ್ಮೆ ಓಡಿಸಿ, ಉತ್ತರ ತಾಳೆ ನೋಡಿ ತಿದ್ದಬಹುದಿತ್ತು. ಯಂತ್ರವೇ ಇರಲಿಲ್ಲ. ಹಣ ಸಾಲದೆ ಬ್ಯಾಬೇಜ್ ಅದನ್ನು ಪೂರ್ಣವಾಗಿ ಕಟ್ಟಲೇ ಇಲ್ಲ.

ಏಡಾ 1852ರ ನವೆಂಬರ್ 27ರಂದು ಕ್ಯಾನ್ಸರಿನಿಂದ ತೀರಿಕೊಂಡಳು. ವಯಸ್ಸು ಬರೀ 36. ಆಕೆಯ ಇಚ್ಛೆಯಂತೆ, ನೆನಪೇ ಇಲ್ಲದ ತಂದೆಯ ಪಕ್ಕದಲ್ಲಿ ಮಣ್ಣು ಮಾಡಿದರು.

ಅಮೆರಿಕದ ರಕ್ಷಣಾ ಇಲಾಖೆ ಒಂದು ಗಣಕ ಭಾಷೆಗೆ ಏಡಾ ಎಂದು ಹೆಸರಿಟ್ಟಿತು. 1980ರಲ್ಲಿ ಮಂಜೂರಾದ ಅದರ ಮಾನಕದ ಸಂಖ್ಯೆ 1815, ಆಕೆ ಹುಟ್ಟಿದ ವರ್ಷ. ಆ ಭಾಷೆಯಲ್ಲಿ ಮೊದಲು ತಿಳಿಸದ ಹೆಸರೊಂದು ಸುತ್ತಿನೊಳಗೆ ಬಂದರೆ, ಪ್ರೋಗ್ರಾಮ್ ಓಡಲು ಶುರುವಾಗುವ ಮುಂಚೆಯೇ ಗಣಕಯಂತ್ರ ತಪ್ಪು ತೋರಿಸಿಬಿಡುತ್ತದೆ.