ಕೋಲ್ಟನ ಬೆಣೆ

ಯಂತ್ರಯುಗದ ಹಿರಿಯರನ್ನು ನಾವು ಅವರ ಕಾರ್ಖಾನೆಗಳ ವಿಸ್ತಾರದಿಂದ ಅಳೆಯುವುದುಂಟು. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟನನ್ನು ಅರಿಯಲು ಮಾತ್ರ ಒಂದು ಸಣ್ಣ ಉಕ್ಕಿನ ಬೆಣೆ ಸಾಕೆಂದು ನನಗೆ ತೋರುತ್ತದೆ.

ಕೋಲ್ಟನು 1814ರ ಜುಲೈ 19ರಂದು ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡಿನಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ತಾಯಿ ತೀರಿಕೊಂಡಳು. 1830ರಲ್ಲಿ, ಹದಿನಾರರ ಹರೆಯದಲ್ಲಿ, ಕಾರ್ವೋ ಎಂಬ ಹಡಗನ್ನೇರಿ ಅವನು ನಮ್ಮ ಕಲ್ಕತ್ತೆಗೆ ಹೊರಟನು. ಹಡಗಿನ ಚಕ್ರ ತಿರುಗಿ ನಿಲ್ಲುವ ಬಗೆಯನ್ನು ಕಂಡಾಗ ರಿವಾಲ್ವರಿನ ಕಲ್ಪನೆ ಹೊಳೆಯಿತೆಂದು ಐತಿಹ್ಯ. ಅದರ ಮಾದರಿಯನ್ನು ಅವನು ಮರದಲ್ಲಿ ಕೆತ್ತಿದುದು ಆ ಯಾತ್ರೆಯಲ್ಲಿಯೇ. ಊರಿಗೆ ಮರಳಿದ ಮೇಲೆ ಡಾಕ್ಟರನೆಂದು ಹೇಳಿಕೊಂಡು, ಊರೂರುಗಳಲ್ಲಿ ನಗೆ ಬರಿಸುವ ಅನಿಲದ ಪ್ರದರ್ಶನ ನಡೆಸಿ, ಬಂದ ಹಣವನ್ನೆಲ್ಲ ಬಂದೂಕು ಮಾಡುವವರಿಗೆ ಸುರಿದನು. 1836ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು. ಆದರೆ ಪ್ಯಾಟರ್ಸನ್ನಿನ ಅವನ ಮೊದಲ ಕಾರ್ಖಾನೆ 1842ರಲ್ಲಿ ಮುಚ್ಚಿಹೋಯಿತು. 1847ರಲ್ಲಿ, ಮೆಕ್ಸಿಕೋ ಯುದ್ಧದ ಕಾಲಕ್ಕೆ, ಕ್ಯಾಪ್ಟನ್ ವಾಕರನ ಮೂಲಕ ಸರಕಾರವು ಸಾವಿರ ರಿವಾಲ್ವರುಗಳನ್ನು ಬೇಡಿದಾಗ ಅವನ ಭಾಗ್ಯ ತೆರೆಯಿತು.

ಆ ರಿವಾಲ್ವರಿನಲ್ಲಿ ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಸುತ್ತಿಗೆಯನ್ನು ಹಿಂದಕ್ಕೆಳೆಯಬೇಕು; ಆಗ ಗುಂಡುಗಳ ಉರುಳೆ ಒಂದು ಮನೆ ತಿರುಗುತ್ತದೆ. ಉರುಳೆಯ ಮುಂದಿನ ನಳಿಗೆಯನ್ನು ಚೌಕಟ್ಟಿಗೆ ಬಿಗಿದಿಡುವುದು ಅಡ್ಡಲಾಗಿ ಹೊಡೆದ ಒಂದು ಬೆಣೆ, ಗಾಡಿಯ ಚಕ್ರಕ್ಕೆ ಕಡಾಣಿ ಇದ್ದಂತೆ. ಬೆಣೆಯನ್ನು ಮೆಲ್ಲನೆ ತಟ್ಟಿ ತೆಗೆದರೆ ನಳಿಗೆ ಮುಂದಕ್ಕೆ ಜಾರಿ ಕೈಗೆ ಬರುತ್ತದೆ. ಬೆಣೆ ಸವೆದರೆ ನಳಿಗೆ ಅಲುಗಾಡಿ ಸಂದಿನಿಂದ ಬೆಂಕಿ ಸೋರುತ್ತದೆ. ಅತಿಯಾಗಿ ಬಡಿದರೆ ನಳಿಗೆ ಉರುಳೆಗೆ ಒತ್ತಿ ಅದು ತಿರುಗದು.

ಮಹಾಕೂಟದ ಚಾಲುಕ್ಯರ ಗುಡಿಗಳಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕುಳಿತಿದೆ. ಒಂದೊಂದು ಕಲ್ಲೂ ತನ್ನ ನೆರೆಯ ಕಲ್ಲಿಗೆಂದೇ ಕಡೆದುದು. ಇನ್ನೊಂದೆಡೆಗೆ ಅದು ಸಲ್ಲದು. ಹಿಂದಿನ ಬಂದೂಕಿನ ಕಮ್ಮಾರನ ಕೆಲಸವೂ ಇಂತಹುದೇ. ಆ ಕಟ್ಟನ್ನು ಬಿಡಿಸಿ, ಯಾವ ನಳಿಗೆಯಾದರೂ ಯಾವ ಚೌಕಟ್ಟಿಗಾದರೂ ಹೊಂದುವಂತೆ ಯಂತ್ರದಿಂದ ಮಾಡಬೇಕೆಂಬುದೇ ಕೋಲ್ಟನ ಹಂಬಲ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅವನು ತನ್ನ ಆಯುಧಗಳನ್ನು ಮೆರೆಸಿದನು. 1855ರ ಹೊತ್ತಿಗೆ ಹಾರ್ಟ್‌ಫರ್ಡಿನಲ್ಲಿ ಎಲಿಷಾ ರೂಟನ ಯಂತ್ರಗಳಿಂದ ತುಂಬಿದ ಹೊಸ ಕಾರ್ಖಾನೆ ಎದ್ದಿತು.

ಆದರೆ ಅವನ ರಿವಾಲ್ವರನ್ನು ಬಿಚ್ಚಿದವರಿಗೆ ನಳಿಗೆ, ಚೌಕಟ್ಟು, ಉರುಳೆ, ಕಡೆಗೆ ಆ ಬೆಣೆಯ ಮೇಲೂ ಒಂದೇ ಸಂಖ್ಯೆ ಕಾಣುತ್ತದೆ. ಯಂತ್ರ ಒರಟಾಗಿ ಕಡೆದುದನ್ನು ಕುಶಲ ಕೆಲಸಗಾರನು ಅರದಿಂದ ಉಜ್ಜಿ ಹೊಂದಿಸುತ್ತಿದ್ದನು; ಹೀಗೆ ಹೊಂದಿಸಿದ ಭಾಗಗಳು ಒಂದರಿಂದೊಂದು ಅಗಲಬಾರದೆಂದೇ ಆ ಅಂಕೆಗಳು. ಕಾರ್ಖಾನೆಯ ಕೀರ್ತಿಯ ಹಿಂದೆ ಹೆಸರಿಲ್ಲದ ಕೈ ಉಳಿದೇ ಇದ್ದಿತು.

1857ರಲ್ಲಿ ಈ ರಿವಾಲ್ವರುಗಳು ಭಾರತದಲ್ಲಿದ್ದ ಆಂಗ್ಲ ಅಧಿಕಾರಿಗಳ ಸೊಂಟವನ್ನೂ ಸೇರಿದ್ದವು. ಅದೇ ವರ್ಷ ಆಯುಧಗಳನ್ನು ದಾಖಲೆಗೆ ಒಪ್ಪಿಸಬೇಕೆಂಬ ಕಾನೂನು ಬಂದಾಗ, ಇದೇ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಒಪ್ಪದೆ ಕಾದಿದರು; ಹಲವರು ಗಲ್ಲಿಗೇರಿದರು. ಕೋಲ್ಟನಿಗೆ ಆಯುಧವೆಂದರೆ ಸಂಖ್ಯೆ ಹೊತ್ತ ಸರಕು. ಅವರಿಗೆ ಅದು ಮನೆತನದ ಮಾನ. ಅವನ ಸಿರಿಯನ್ನು ಎಣಿಸುವಾಗ ಈ ಲೆಕ್ಕವನ್ನೂ ಮರೆಯಲಾಗದು.

ಕೋಲ್ಟನು 1862ರ ಜನವರಿ 10ರಂದು, 47ನೆಯ ವಯಸ್ಸಿನಲ್ಲಿ, ಅಪಾರ ಸಂಪತ್ತನ್ನು ಬಿಟ್ಟು ತೀರಿಕೊಂಡನು. 1873ರಲ್ಲಿ ಅವನ ಕಂಪೆನಿ ಹೊರತಂದ ಪ್ರಸಿದ್ಧ ರಿವಾಲ್ವರಿನಲ್ಲಿ ಬೆಣೆ ಹೋಗಿ, ನಳಿಗೆಯನ್ನು ಚೌಕಟ್ಟಿಗೆ ತಿರುಪಿನಿಂದ ಕೂಡಿಸಿದರು. ಆದರೂ ಅದಕ್ಕೆ ಹೊಸ ನಳಿಗೆಯನ್ನು ಹಾಕುವವನು ಉರುಳೆಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟೇ ಸಂದು ಉಳಿಯುವಂತೆ, ತುದಿಯ ಗುರಿಮೊನೆ ನೆಟ್ಟಗೆ ನಿಲ್ಲುವಂತೆ, ನಳಿಗೆಯ ಹಿಂದುದಿಯನ್ನು ತಾಳ್ಮೆಯಿಂದ ಸವರಿ ನೋಡಿ, ಮತ್ತೆ ಸವರಬೇಕಾಗುತ್ತದೆ. ಕೋಲ್ಟನು ಕಾರ್ಖಾನೆಯಿಂದ ಹೊರಗಟ್ಟಬೇಕೆಂದಿದ್ದ ಕಮ್ಮಾರನು ಅವನ ಹೆಸರು ಹೊತ್ತ ಆಯುಧದಲ್ಲಿಯೇ ಇನ್ನೂ ಕೆಲಸ ಮಾಡುತ್ತಿದ್ದಾನೆ.