ಫ್ರ್ಯಾಂಕ್ ಸ್ಮೈತ್ ಮತ್ತು ಕಾಣದ ಸಂಗಾತಿ

ಎವರೆಸ್ಟ್ ಶಿಖರವನ್ನು ಶೆರ್ಪಾ ಜನರು ದೇವಿಯ ನೆಲೆಯೆಂದು ನಂಬುತ್ತಾರೆ. ಆ ಪರ್ವತದ ಮೇಲೆ ತನಗಾದ ವಿಚಿತ್ರಾನುಭವವನ್ನು ಲೋಕಕ್ಕೆ ತಿಳಿಸಿದವನು ಫ್ರ್ಯಾಂಕ್ ಸ್ಮೈತ್. 1900ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಈತನು, 1931ರಲ್ಲಿ ಗಢವಾಲದ ಕಾಮೆಟ್ ಶಿಖರವನ್ನು ಮೊದಲು ಏರಿದ ತಂಡದ ನಾಯಕ.

1933ರ ಜೂನ್ 1ರಂದು ಜೊತೆಗಾರ ಶಿಪ್ಟನ್ ಅಸ್ವಸ್ಥನಾಗಿ ಹಿಂದಿರುಗಲು, ಸ್ಮೈತ್ ಏಕಾಕಿಯಾಗಿ, ಆಮ್ಲಜನಕದ ನೆರವಿಲ್ಲದೆ, ಎವರೆಸ್ಟಿನಲ್ಲಿ 28,000 ಅಡಿಗಳನ್ನು ಮೀರಿ ಏರಿದನು. ಸಂಗಾತಿಯೊಬ್ಬನು ಜೊತೆಯಲ್ಲೇ ಬರುತ್ತಿರುವನೆಂಬ ಭಾವನೆ ಅವನನ್ನು ಬಿಡಲಿಲ್ಲ. ಪುದೀನದ ಮಿಠಾಯಿಯನ್ನು ಮುರಿದು ಅರ್ಧ ಕೊಡಲೆಂದು ತಿರುಗಿದರೆ ಅಲ್ಲಿ ಯಾರೂ ಇಲ್ಲ! ಇಳಿಯುವಾಗ ಬಾನಿನಲ್ಲಿ ಎರಡು ಕರಿಯ ಆಕೃತಿಗಳು ತೇಲಿದುವು. ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದರಿಯಲು, ದೃಷ್ಟಿಯನ್ನು ಹೊರಳಿಸಿ ಸುತ್ತಣ ಶಿಖರಗಳನ್ನು ಹೆಸರು ಹಿಡಿದು ಗುರುತಿಸಿದನು. ಮರಳಿ ನೋಡಿದಾಗಲೂ ಅವು ಅಲ್ಲಿಯೇ ಇದ್ದುವು. ಮಂಜು ಕವಿದ ಮೇಲೆ ಮರೆಯಾದುವು. ನಗೆಪಾಟಲಿಗೆ ಅಂಜದೆ ಇದೆಲ್ಲವನ್ನೂ ಬರೆದಿಟ್ಟನು. ಪ್ರಾಣವಾಯುವಿನ ಕೊರತೆ, ಬಳಲಿಕೆ, ಒಂಟಿತನಗಳಿಂದ ಇಂತಹ ಅನುಭವವಾಗಬಹುದೆಂದು ಇಂದಿನ ವೈದ್ಯರು ಹೇಳುತ್ತಾರೆ.

1937ರಲ್ಲಿ ಗಢವಾಲದ ಹಿಮದಲ್ಲಿ ಮೂಡಿದ್ದ ಹೆಜ್ಜೆಗಳನ್ನು ಕಂಡು, ಹಿಮಮಾನವನವೆಂದು ಹೊರೆಯಾಳುಗಳು ಹೆದರಿದರು. ಸ್ಮೈತ್ ಅವನ್ನು ಅಳೆದು, ಛಾಯಾಚಿತ್ರ ತೆಗೆದು, ಪ್ರಾಣಿಶಾಸ್ತ್ರಜ್ಞರ ಮುಂದಿರಿಸಿದನು. ಅವು ಕರಡಿಯ ಹೆಜ್ಜೆಗಳೆಂದು ನಿರ್ಣಯವಾಯಿತು.

1949ರಲ್ಲಿ ಅವನು ಕಾಲವಾದನು. ತನಗೆ ಕಂಡುದನ್ನು ಮುಚ್ಚಿಡದೆ, ಕಾಣದುದನ್ನು ಕಟ್ಟಿ ಹೇಳದೆ ಬಾಳಿದ ಆ ಸತ್ಯನಿಷ್ಠೆ ನಮ್ಮ ಮಕ್ಕಳಿಗೆ ಅನುಕರಣೀಯ.