ನ್ಯಾಯಕ್ಕಾಗಿ ಲೇಖನಿ ಹಿಡಿದ ಕ್ಯಾರೊಲಿನ್ ನಾರ್ಟನ್

ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ವಿವಾಹಿತ ಮಹಿಳೆಗೆ ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕ ಅಸ್ತಿತ್ವವೇ ಇರಲಿಲ್ಲ. ಆಕೆಯ ಗಳಿಕೆ ಪತಿಯದು. ಮಕ್ಕಳ ಮೇಲಿನ ಹಕ್ಕೂ ಪತಿಯದೇ. ಹೊಡೆತ ತಾಳಲಾರದೆ ಮನೆ ಬಿಟ್ಟವಳು ಇವೆರಡನ್ನೂ ಕಳೆದುಕೊಳ್ಳಬೇಕಿತ್ತು. ಈ ಅನ್ಯಾಯವನ್ನು ಸಂಸತ್ತಿನ ಮುಂದಿಡಲು ಹೋರಾಡಿದವರು ಕವಯಿತ್ರಿ, ಕಾದಂಬರಿಗಾರ್ತಿ ಕ್ಯಾರೊಲಿನ್ ನಾರ್ಟನ್.

1808ರಲ್ಲಿ ಲಂಡನ್ನಿನಲ್ಲಿ ಜನಿಸಿದ ಅವರು ಪ್ರಸಿದ್ಧ ನಾಟಕಕಾರ ರಿಚರ್ಡ್ ಬ್ರಿನ್‌ಸ್ಲಿ ಶೆರಿಡನ್ನರ ಮೊಮ್ಮಗಳು. ತಂದೆಯ ನಿಧನಾನಂತರ ಕುಟುಂಬ ಆರ್ಥಿಕ ಸಂಕಷ್ಟಕ್ಕೆ ಸಿಲುಕಿತು. 1827ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ವಕೀಲ ಹಾಗೂ ಸಂಸದ ಜಾರ್ಜ್ ನಾರ್ಟನ್‌ನೊಂದಿಗೆ ವಿವಾಹವಾಯಿತು. ಮದುವೆಯಾದ ಕೆಲಕಾಲದಲ್ಲೇ ಹಿಂಸೆ ಆರಂಭವಾಯಿತು. ಪತ್ನಿಯ ಬರವಣಿಗೆಯ ಆದಾಯ ಆತನಿಗೆ ಬೇಕಿತ್ತು. ಆಕೆಯ ಮಾತು ಬೇಕಿರಲಿಲ್ಲ. 1835ರಲ್ಲಿ ಮನೆ ತೊರೆದ ಕ್ಯಾರೊಲಿನ್, ಮೂವರು ಗಂಡುಮಕ್ಕಳಿಗಾಗಿ ಮತ್ತೆ ಅದೇ ಮನೆಗೆ ಮರಳಿದರು.

1836ರಲ್ಲಿ ಜಾರ್ಜ್ ಮಕ್ಕಳನ್ನು ತಾಯಿಯಿಂದ ದೂರ ಮಾಡಿದ. ಪ್ರಧಾನಿ ಲಾರ್ಡ್ ಮೆಲ್ಬರ್ನ್ ತನ್ನ ಪತ್ನಿಯೊಂದಿಗೆ ಅಕ್ರಮ ಸಂಬಂಧ ಹೊಂದಿದ್ದಾರೆಂದು ದೂರಿ 10,000 ಪೌಂಡ್ ಪರಿಹಾರಕ್ಕೆ ದಾವೆ ಹೂಡಿದ. ತೀರ್ಪುಗಾರರು ಆರೋಪವನ್ನು ತಳ್ಳಿಹಾಕಿದರು. ಆದರೆ ಆ ವಿಚಾರಣೆಯಲ್ಲಿ ಕ್ಯಾರೊಲಿನ್‌ಗೆ ತಮ್ಮ ಪರವಾಗಿ ಸಾಕ್ಷ್ಯ ನುಡಿಯುವ ಅವಕಾಶವಿರಲಿಲ್ಲ. ಗೆಲುವಿನ ನಂತರವೂ ಮಕ್ಕಳು ಮರಳಲಿಲ್ಲ.

ಅಂದಿನಿಂದ ಅವರ ಲೇಖನಿ ಕಾನೂನಿನತ್ತ ತಿರುಗಿತು. ಅವರ ಕಿರುಹೊತ್ತಗೆಗಳು ಸಂಸದರ ಕೈ ಸೇರಿದವು. 1839ರ ಕಾಯ್ದೆಯು ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ವಶಕ್ಕೆ ಕೇಳುವ ಅವಕಾಶವನ್ನು ತಾಯಿಗೆ ನೀಡಿತು. ವ್ಯಭಿಚಾರ ಸಾಬೀತಾದವರಿಗೆ ಮಾತ್ರ ಅದು ಇರಲಿಲ್ಲ. ಆದರೆ ಆ ಕಾಯ್ದೆ ಅನ್ವಯಿಸದ ಸ್ಕಾಟ್ಲೆಂಡಿನಲ್ಲಿ ಜಾರ್ಜ್ ಮಕ್ಕಳನ್ನು ಇರಿಸಿದ್ದ. 1842ರಲ್ಲಿ ಕಿರಿಯ ಮಗ ವಿಲಿಯಂ ಕುದುರೆಯಿಂದ ಬಿದ್ದು ಗಾಯಗೊಂಡು ಅಸುನೀಗಿದ. ತಾಯಿ ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

1853ರಲ್ಲಿ ಜೀವನಾಂಶದ ವಿವಾದ ನ್ಯಾಯಾಲಯಕ್ಕೆ ಬಂತು. ದಂಪತಿಗಳ ನಡುವಿನ ಕರಾರಿಗೆ ಕಾನೂನಿನ ಬಲವಿಲ್ಲವೆಂಬ ಅಂಶ ಜಾರ್ಜ್‌ಗೆ ಆಸರೆಯಾಯಿತು. ಕ್ಯಾರೊಲಿನ್ 1855ರಲ್ಲಿ ವಿಕ್ಟೋರಿಯಾ ರಾಣಿಗೆ ಬಹಿರಂಗ ಪತ್ರ ಪ್ರಕಟಿಸಿದರು. 1857ರ ವೈವಾಹಿಕ ಕಾಯ್ದೆಯಲ್ಲಿ, ಪತಿ ತೊರೆದ ಮಹಿಳೆಯ ಗಳಿಕೆಗೆ ರಕ್ಷಣೆಯೂ ಕಾನೂನುಬದ್ಧವಾಗಿ ಬೇರ್ಪಟ್ಟವಳಿಗೆ ಕರಾರು ಮಾಡುವ ಹಕ್ಕೂ ದೊರೆತವು. ಹಾಗೆಂದು ಅವರು ಸ್ತ್ರೀ-ಪುರುಷ ಸಮಾನತೆಯ ಪ್ರತಿಪಾದಕರಾಗಿರಲಿಲ್ಲ. ಕೇಳಿದ್ದು ಕಾನೂನಿನ ರಕ್ಷಣೆಯನ್ನಷ್ಟೇ. 1875ರಲ್ಲಿ ಜಾರ್ಜ್ ತೀರಿಕೊಂಡ. 1877ರ ಮಾರ್ಚ್‌ನಲ್ಲಿ ಮರುವಿವಾಹವಾದ ಕ್ಯಾರೊಲಿನ್ ಅದೇ ಜೂನ್‌ನಲ್ಲಿ ನಿಧನರಾದರು.

ಹೊಡೆಯುವ ಕೈಯನ್ನು ತಡೆದರಷ್ಟೇ ಸಾಲದು. ಮಕ್ಕಳು, ಆದಾಯ, ಆಸರೆ ಮೂರೂ ಕೈತಪ್ಪುವುದಾದರೆ ಹೆಣ್ಣು ಮತ್ತೆ ಅದೇ ಹಿಂಸೆಗೆ ಮರಳುತ್ತಾಳೆ ಎಂಬುದನ್ನು ಅವರ ಬದುಕು ತೋರಿಸಿತು. ಭಾರತದಲ್ಲಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಆರ್ಥಿಕ ಕಿರುಕುಳವನ್ನೂ ಹಿಂಸೆಯೆಂದೇ ಪರಿಗಣಿಸುತ್ತದೆ. ಮನೆಯಲ್ಲಿ ವಾಸದ ಹಕ್ಕು, ಹಣಕಾಸಿನ ಪರಿಹಾರ ಹಾಗೂ ಮಕ್ಕಳ ತಾತ್ಕಾಲಿಕ ಪಾಲನೆಗೆ ಅದರಲ್ಲಿ ಅವಕಾಶವಿದೆ. ಕ್ಯಾರೊಲಿನ್‌ಗೆ 1836ರಲ್ಲಿ ಇಲ್ಲದೇ ಹೋದದ್ದು ಇವೇ.